ಗೋಪಾಲಸ್ವಾಮಿ ಬೆಟ್ಟದ ಮೇಲೆ ಹಾಯುವ ಗೆರೆ

ಮೈಸೂರಿನ ಮಂಡಕಳ್ಳಿ ವಿಮಾನ ನಿಲ್ದಾಣದ ಮೇಲೆ ಅಡಿಪಟ್ಟಿಯ ಒಂದು ತುದಿ ಇಡಿ, ಕೊಚ್ಚಿಯ ನೆಡುಂಬಾಶ್ಶೇರಿ ನಿಲ್ದಾಣದ ಮೇಲೆ ಇನ್ನೊಂದು ತುದಿ. ಪೆನ್ಸಿಲ್ಲಿನಲ್ಲಿ ಒಂದು ಗೆರೆ ಎಳೆಯಿರಿ. ಗೆರೆ ನಂಜನಗೂಡನ್ನು ಎಡಕ್ಕೆ ಬಿಟ್ಟು, ಗುಂಡ್ಲುಪೇಟೆಯನ್ನೂ ಒಂಬತ್ತು ಹತ್ತು ಕಿಲೋಮೀಟರ್ ಎಡಕ್ಕೇ ಬಿಟ್ಟು, ದಕ್ಷಿಣಕ್ಕೆ ಇಳಿಯುತ್ತಾ ಹಿಮವದ್ ಗೋಪಾಲಸ್ವಾಮಿ ಬೆಟ್ಟದ ಮೇಲೆ ಹಾಯುತ್ತದೆ. ಕರಾರುವಾಕ್ಕಾಗಿ ಹೇಳಬೇಕೆಂದರೆ, ಗುಡಿಯಿಂದ ಒಂದು ಕಿಲೋಮೀಟರಿನಷ್ಟು ಆಚೀಚೆ. ಇನ್ನೂರ ಮೂವತ್ತು ಕಿಲೋಮೀಟರ್ ಉದ್ದದ ಗೆರೆಗೆ ಅಷ್ಟು ಲೆಕ್ಕಕ್ಕಿಲ್ಲ. ಯಾರೂ ಕೂತು ಹೊಂದಿಸಿದ್ದಲ್ಲ ಇದು. ವೇಣುಗೋಪಾಲನ ಗುಡಿ ಹೊಯ್ಸಳರ ಕಾಲದ್ದು. ಮಂಡಕಳ್ಳಿಯ ಹೊಸ ನಿಲ್ದಾಣ 2010ರದ್ದು, ನೆಡುಂಬಾಶ್ಶೇರಿಯದು 1999ರದ್ದು. ಒಂದನ್ನೊಂದು ಅರಿಯದ ಮೂರು ಕಾಲದ ಮೂರು ಜಾಗಗಳು ಒಂದೇ ಗೆರೆಯಲ್ಲಿ ಬಂದು ನಿಂತಿವೆ.

ಎರಡು ವಿಮಾನ ನಿಲ್ದಾಣಗಳ ನಡುವೆ ಎಷ್ಟು ದೂರ, ಹಾರಲು ಎಷ್ಟು ಹೊತ್ತು ಅನ್ನುವುದನ್ನು ನಾವು ಟಿಕೆಟ್ ಕೊಳ್ಳುವಾಗ ನೋಡುತ್ತೇವೆ, ಆಮೇಲೆ ಮರೆತುಬಿಡುತ್ತೇವೆ. ನನಗೆ ಆ ಎರಡು ಅಂಕಿಗಳು ನಿಧಾನವಾಗಿ ಸವಿಯುವ ವಸ್ತುಗಳು. ಅವುಗಳ ರುಚಿ ಹತ್ತುವುದು ಹೊರಡುವ ಊರಿನಲ್ಲೂ ಅಲ್ಲ, ಇಳಿಯುವ ಊರಿನಲ್ಲೂ ಅಲ್ಲ, ನಡುವೆ ಗೆರೆಯ ಕೆಳಗೆ ಬದುಕುವ ಊರುಗಳಲ್ಲಿ. ಚಾಮರಾಜನಗರ ಜಿಲ್ಲೆ ಅಂಥ ನಾಡು. ಇಲ್ಲಿ ವಿಮಾನ ನಿಲ್ದಾಣವಿಲ್ಲ. ಆದರೆ ಇಲ್ಲಿನ ಆಕಾಶವನ್ನು ದಾಟದೆ ತೆಂಕಣದ ಎಷ್ಟೋ ಊರುಗಳು ಒಂದಕ್ಕೊಂದು ನಿಲುಕುವುದಿಲ್ಲ.

ಮೊದಲು ದೂರದ ಅಂಕಿಯನ್ನೇ ಹತ್ತಿರದಿಂದ ನೋಡೋಣ, ಅದಕ್ಕೆ ದೊಡ್ಡ ಗಣಿತವೇನೂ ಬೇಡ. ಮಂಡಕಳ್ಳಿ ಇರುವುದು 12 ಡಿಗ್ರಿ 14 ನಿಮಿಷ ಉತ್ತರ ಅಕ್ಷಾಂಶದಲ್ಲಿ, ನೆಡುಂಬಾಶ್ಶೇರಿ 10 ಡಿಗ್ರಿ 9 ನಿಮಿಷದಲ್ಲಿ. ಒಂದರಿಂದ ಒಂದನ್ನು ಕಳೆದರೆ 2 ಡಿಗ್ರಿ 5 ನಿಮಿಷ ಉಳಿಯಿತು. ಡಿಗ್ರಿಗೆ ಅರವತ್ತು ನಿಮಿಷದಂತೆ ಒಟ್ಟು 125 ನಿಮಿಷ. ಇಲ್ಲಿಗೆ ಲೆಕ್ಕ ಮುಗಿಯಿತು. ಯಾಕೆಂದರೆ ಹಡಗಿನವರೂ ವಿಮಾನದವರೂ ಬಳಸುವ ನಾಟಿಕಲ್ ಮೈಲಿಯನ್ನು ಮೊದಲು ಗೊತ್ತು ಮಾಡಿದ್ದೇ ಹೀಗೆ: ಭೂಮಿಯ ಮೇಲೆ ಅಕ್ಷಾಂಶದ ಒಂದು ನಿಮಿಷ ಅಂದರೆ ಒಂದು ನಾಟಿಕಲ್ ಮೈಲಿ. ಹಾಗಾಗಿ ಮೈಸೂರಿನಿಂದ ಕೊಚ್ಚಿಗೆ 125 ನಾಟಿಕಲ್ ಮೈಲಿ. ಒಂದಕ್ಕೆ 1,852 ಮೀಟರಿನಂತೆ ಗುಣಿಸಿದರೆ 231 ಕಿಲೋಮೀಟರ್ ಮತ್ತು ಚಿಲ್ಲರೆ. ಇಷ್ಟು ಸರಳವಾಗಿ ಉತ್ತರ ಸಿಗಲು ಕಾರಣವಿದೆ. ಎರಡು ಊರುಗಳೂ ಹೆಚ್ಚು ಕಡಿಮೆ ಒಂದೇ ರೇಖಾಂಶದಲ್ಲಿವೆ, ಕೊಚ್ಚಿ ಮೈಸೂರಿಗಿಂತ ಕಾಲು ಡಿಗ್ರಿಯಷ್ಟೇ ಪಶ್ಚಿಮಕ್ಕಿದೆ. ಭೂಮಿಯನ್ನು ಅಳೆದವರ ಶ್ರಮವೆಲ್ಲ ಒಂದು ಕಳೆಯುವ ಲೆಕ್ಕದೊಳಗೆ ಕೂತಿರುವುದನ್ನು ಕಂಡಾಗ ನನಗೆ ಒಳ್ಳೆಯ ವಚನವೊಂದನ್ನು ಓದಿದಷ್ಟು ಸಂತೋಷವಾಗುತ್ತದೆ.

ಆ ಕಾಲು ಡಿಗ್ರಿಗೂ ಒಂದು ಸೊಗಸಿದೆ. ಭೂಮಿ ಒಂದು ಡಿಗ್ರಿ ತಿರುಗಲು ನಾಲ್ಕು ನಿಮಿಷ ಬೇಕು, ಕಾಲು ಡಿಗ್ರಿಗೆ ಒಂದು ನಿಮಿಷ. ಅಂದರೆ ಮೈಸೂರಿನಲ್ಲಿ ಮಟಮಟ ಮಧ್ಯಾಹ್ನವಾದ ಒಂದೇ ನಿಮಿಷಕ್ಕೆ ಕೊಚ್ಚಿಯಲ್ಲೂ ಮಧ್ಯಾಹ್ನ. ಬಿಸಿಲಿಗೆ ಒಂದು ನಿಮಿಷ ಸಾಕಾಗುವ ಈ ದಾರಿಗೆ ವಿಮಾನಕ್ಕೆ ಎಷ್ಟು ಬೇಕು?

2019ರ ಜುಲೈನಲ್ಲಿ ಉಡಾನ್ ಯೋಜನೆಯಡಿ ಅಲಯನ್ಸ್ ಏರ್ ಮೈಸೂರಿನಿಂದ ಕೊಚ್ಚಿಗೆ ಎಟಿಆರ್ ವಿಮಾನ ಹಾರಿಸಿತು. ಎರಡು ಪಂಕದ ಎಂಜಿನ್, ಎಪ್ಪತ್ತರ ಆಸುಪಾಸು ಆಸನಗಳ ವಿಮಾನ ಅದು. ಗಂಟೆಗೆ ಐನೂರು ಕಿಲೋಮೀಟರ್ ಓಡುತ್ತದೆ. ಆ ವೇಗದಲ್ಲಿ 231 ಕಿಲೋಮೀಟರ್ ಅಂದರೆ 28 ನಿಮಿಷ. ಆದರೆ ಟಿಕೆಟ್ಟಿನ ಮೇಲೆ 28 ನಿಮಿಷ ಅಂತ ಎಂದೂ ಬರುತ್ತಿರಲಿಲ್ಲ, ಒಂದು ಗಂಟೆಯ ಆಸುಪಾಸು ಇರುತ್ತಿತ್ತು. ಉಳಿದ ಅರ್ಧ ಗಂಟೆ ಎಲ್ಲಿ ಹೋಯಿತು ಅನ್ನುವುದರಲ್ಲೇ ಹಾರಾಟದ ಒಳಗುಟ್ಟೆಲ್ಲ ಇದೆ. ವಿಮಾನ ನಿಂತ ಜಾಗದಿಂದ ಕದಲಿದ ಕ್ಷಣದಿಂದ, ಇಳಿಯುವ ಊರಿನಲ್ಲಿ ಹೋಗಿ ನಿಲ್ಲುವವರೆಗೆ ಲೆಕ್ಕ ಹಾಕುತ್ತಾರೆ. ನೆಲದ ಮೇಲೆ ಉರುಳಬೇಕು, ಅಪ್ಪಣೆಗೆ ಕಾಯಬೇಕು, ಏರುವಾಗ ವೇಗ ಕಡಿಮೆ, ಇಳಿಯುವಾಗ ಇನ್ನೂ ಕಡಿಮೆ.

ಅದಕ್ಕಿಂತ ಸ್ವಾರಸ್ಯದ ಸಂಗತಿ ಬೇರೆಯಿದೆ. ರನ್‌ವೇಯ ತುದಿಯಲ್ಲಿ ದೊಡ್ಡ ಬಿಳಿ ಅಂಕಿ ಬರೆದಿರುತ್ತಾರಲ್ಲ, ಅದು ದಿಕ್ಕಿನ ಅಂಕಿ. ದಿಕ್ಸೂಚಿಯ ಡಿಗ್ರಿಯಲ್ಲಿ ಕೊನೆಯ ಸೊನ್ನೆಯನ್ನು ಬಿಟ್ಟು ಬರೆಯುವುದು ಪದ್ಧತಿ. ಮಂಡಕಳ್ಳಿಯ ರನ್‌ವೇಗೆ ಒಂದು ತುದಿಯಲ್ಲಿ 09, ಇನ್ನೊಂದು ತುದಿಯಲ್ಲಿ 27. ಅಂದರೆ 90 ಡಿಗ್ರಿ ಪೂರ್ವ, 270 ಡಿಗ್ರಿ ಪಶ್ಚಿಮ. ನೆಡುಂಬಾಶ್ಶೇರಿಯದೂ 09 ಮತ್ತು 27. ಎರಡೂ ರನ್‌ವೇಗಳು ಪೂರ್ವ ಪಶ್ಚಿಮವಾಗಿ ಮಲಗಿವೆ, ನಾವು ಹೋಗಬೇಕಾದ ಗೆರೆಯಾದರೋ ಉತ್ತರದಿಂದ ದಕ್ಷಿಣಕ್ಕೆ. ಹೀಗಾಗಿ ವಿಮಾನ ಮೊದಲು ಬೇಡದ ದಿಕ್ಕಿಗೆ ಓಡಿ ಏರಬೇಕು, ಏರಿದ ಮೇಲೆ ಮಗ್ಗುಲು ಬಗ್ಗಿಸಿ ದಕ್ಷಿಣಕ್ಕೆ ತಿರುಗಬೇಕು, ಕೊಚ್ಚಿ ಹತ್ತಿರ ಬಂದಾಗ ಮತ್ತೆ ಒಂದು ದೊಡ್ಡ ಬಳಸು ಹಾಕಿ ಪೂರ್ವಕ್ಕೋ ಪಶ್ಚಿಮಕ್ಕೋ ಮುಖ ಮಾಡಿ ಇಳಿಯಬೇಕು. ಗಾಳಿ ಎದುರಿಗೆ ಬಂದರೇ ಏರುವುದೂ ಇಳಿಯುವುದೂ ಸುಲಭ. ರನ್‌ವೇ ಗಾಳಿಯ ಮಾತು ಕೇಳುತ್ತದೆ, ಪ್ರಯಾಣಿಕರ ಮಾತನ್ನಲ್ಲ. ನಕ್ಷೆಯ ಗೆರೆ ಕಡ್ಡಿಯ ಹಾಗೆ ನೆಟ್ಟಗಿದ್ದರೂ ಹಾರಿದ ದಾರಿಗೆ ಎರಡು ತುದಿಯಲ್ಲೂ ಕೊಕ್ಕೆ ಇರುತ್ತದೆ. ನಡುವೆಯೂ ಪೈಲಟ್ಟು ಗೊತ್ತುಪಡಿಸಿದ ವಾಯುಮಾರ್ಗದ ಬಿಂದುಗಳನ್ನು ಹಿಡಿದು ಹೋಗಬೇಕಾಗುತ್ತದೆ. ಆದ್ದರಿಂದ ನಾನು ಹೇಳುತ್ತಿರುವ ಗೆರೆ ಅಳತೆಯ ಗೆರೆ. ಪ್ರತಿ ವಿಮಾನವೂ ಅದರ ಮೇಲೆ ಬೆರಳಿಟ್ಟಂತೆ ಹಾರುತ್ತದೆ ಅಂತಲ್ಲ.

ಮಂಡಕಳ್ಳಿಯ ರನ್‌ವೇ ಉದ್ದ 1,740 ಮೀಟರ್. ನೆಡುಂಬಾಶ್ಶೇರಿಯದು 3,400. ಈ ಗಿಡ್ಡತನದಿಂದಲೇ ಮೈಸೂರಿಗೆ ಎಟಿಆರ್ ಬರುತ್ತದೆ, ದೊಡ್ಡ ಜೆಟ್ಟುಗಳಿಗೆ ಅದು ಸಾಲದು. ರನ್‌ವೇ ಬೆಳೆಸಬೇಕೆಂಬ ಮಾತು ಬಂದಾಗಲೆಲ್ಲ ಎದುರಾಗುವುದು ಎರಡು: ನಂಜನಗೂಡಿನ ಕಡೆಗೆ ಹೋಗುವ ಹೆದ್ದಾರಿ, ಚಾಮರಾಜನಗರಕ್ಕೆ ಹೋಗುವ ರೈಲು ಹಳಿ. ಆ ಹೆದ್ದಾರಿಯೇ ಮುಂದೆ ಗುಂಡ್ಲುಪೇಟೆಗೆ ಹೋಗುವುದು. ನನಗೆ ಇದು ಬಹಳ ಇಷ್ಟವಾದ ಜಾಗ. ಬಸ್ಸಿನಲ್ಲಿ ಗುಂಡ್ಲುಪೇಟೆಗೆ ಹೊರಟವರು, ರೈಲಿನಲ್ಲಿ ಚಾಮರಾಜನಗರಕ್ಕೆ ಹೊರಟವರು, ವಿಮಾನದಲ್ಲಿ ಬೇರೆ ರಾಜ್ಯಕ್ಕೆ ಹೊರಟವರು, ಮೂವರ ದಾರಿಯೂ ಇಲ್ಲಿ ಕೂಗಿದರೆ ಕೇಳುವಷ್ಟು ಹತ್ತಿರ ಬಂದು ಮುಂದೆ ಬೇರೆಯಾಗುತ್ತವೆ.

ಎಟಿಆರ್ ವಿಮಾನದ ಬಗ್ಗೆ ಇನ್ನೊಂದು ಮಾತು ಹೇಳದೆ ಮುಂದೆ ಹೋಗಲಾರೆ. ಅದರ ರೆಕ್ಕೆ ಕಿಟಕಿಗಳಿಗಿಂತ ಮೇಲಿದೆ. ಜೆಟ್ಟಿನಲ್ಲಿ ಎಷ್ಟೋ ಸಲ ಕಿಟಕಿ ಆಸನ ಸಿಕ್ಕಿಯೂ ಕೆಳಗೆ ರೆಕ್ಕೆ ಮಾತ್ರ ಕಾಣುತ್ತದೆ. ಎಟಿಆರ್‌ನಲ್ಲಿ ನೆಲ ಪೂರ್ತಿ ನಿಮ್ಮದು. ಅದು ಜೆಟ್ಟಿನಷ್ಟು ಎತ್ತರಕ್ಕೆ ಏರುವುದೂ ಇಲ್ಲ. ಆದ್ದರಿಂದ ಹೊಲದ ಬದು, ಕೆರೆಯ ಏರಿ, ಊರ ಮುಂದಿನ ಅರಳಿಕಟ್ಟೆಯ ನೆರಳು ಇವೆಲ್ಲ ಗುರುತು ಹತ್ತುವಷ್ಟು ಸ್ಪಷ್ಟ. ನೆಲವನ್ನು ಪ್ರೀತಿಸುವವರಿಗೆ ಇಷ್ಟು ಒಪ್ಪುವ ವಿಮಾನ ಇನ್ನೊಂದಿಲ್ಲ ಎಂದೇ ನನ್ನ ಎಣಿಕೆ.

ಆ ಕಿಟಕಿಯಿಂದ ಈ ಸೀಮೆಯನ್ನು ನೋಡಬೇಕಾದ್ದು ಆಷಾಢದಲ್ಲಿ. ಬೇಗೂರು ದಾಟಿದ ಮೇಲೆ ಗುಂಡ್ಲುಪೇಟೆಯ ಕೆಮ್ಮಣ್ಣಿನ ಮೇಲೆ ಸೂರ್ಯಕಾಂತಿಯ ಹಳದಿ, ಅದರ ಮಗ್ಗುಲಿಗೆ ಚೆಂಡು ಹೂವಿನ ಕಿತ್ತಳೆ ಬಣ್ಣ. ನಡುವೆ ಸಣ್ಣ ಈರುಳ್ಳಿಯ ಪಾತಿಗಳು, ಅರಿಸಿನ, ಬಾಳೆ. ಎಡಕ್ಕೆ ದೂರದಲ್ಲಿ ಚಾಮರಾಜನಗರದ ಕಡೆಗೆ ಕರಿಕಲ್ಲಿನ ಕ್ವಾರಿಗಳು. ನೆಲವನ್ನು ಚೌಕವಾಗಿ ಕತ್ತರಿಸಿ ತೆಗೆದ ಗುಂಡಿಗಳಲ್ಲಿ ಮಳೆ ನೀರು ನಿಂತರೆ ಬಿಸಿಲು ಬಿದ್ದಾಗ ಕನ್ನಡಿಗಳು. ಇದು ಮಳೆಮರೆಯ ನಾಡು. ಮುಂಗಾರಿನ ಮೋಡ ವಯನಾಡಿನ ಮೇಲೂ ನೀಲಗಿರಿಯ ಮೇಲೂ ಸುರಿದು ಹಗುರಾಗಿ ಇಲ್ಲಿಗೆ ಬರುತ್ತದೆ. ಬಂದಷ್ಟರಲ್ಲೇ ಇಷ್ಟು ಬಣ್ಣ.

ಅಲ್ಲಿಂದ ಮುಂದೆ ಹೊಲ ಮುಗಿದು ಕಾಡು ಶುರು. ಗೆರೆ ಬೆಟ್ಟವನ್ನು ಮುಟ್ಟುವುದು ಮಂಡಕಳ್ಳಿಯಿಂದ 57 ಕಿಲೋಮೀಟರಿನಲ್ಲಿ, ವಿಮಾನ ಏರಿದ ಹತ್ತು ನಿಮಿಷದ ಆಸುಪಾಸಿನಲ್ಲಿ. ಗೋಪಾಲಸ್ವಾಮಿ ಬೆಟ್ಟ 1,454 ಮೀಟರ್. ಬಂಡೀಪುರದ ಕಾಡಿನೊಳಗೆ ಇದಕ್ಕಿಂತ ಎತ್ತರದ ಜಾಗವಿಲ್ಲ. ಸ್ವಂತ ಗಾಡಿಯಲ್ಲಿ ಬಂದವರು ಅದನ್ನು ತಪ್ಪಲಿನಲ್ಲೇ ನಿಲ್ಲಿಸಿ ಸರ್ಕಾರಿ ಬಸ್ಸು ಹತ್ತಬೇಕು. ಬಸ್ಸು ಏದುಸಿರು ಬಿಡುತ್ತಾ ತಿರುವುಗಳನ್ನು ಏರುವಾಗ ಹುಲ್ಲು ಬೋಳಿನ ಆಚೆ ಆನೆಗಳ ಹಿಂಡು ಕಂಡರೆ ಚಾಲಕರು ವೇಗ ತಗ್ಗಿಸುತ್ತಾರೆ, ಬಸ್ಸಿನಲ್ಲಿದ್ದವರೆಲ್ಲ ಒಂದೇ ಕಡೆಗೆ ವಾಲುತ್ತಾರೆ. ಮೇಲೆ ಹೋದರೆ ವರ್ಷದ ಬಹುಕಾಲ ಮಂಜು. ಗುಡಿಯ ಗೋಪುರ ಒಮ್ಮೆ ಇರುತ್ತದೆ, ಒಮ್ಮೆ ಇರುವುದಿಲ್ಲ. ಆ ಮಂಜಿನಲ್ಲಿ ನಿಂತವರಿಗೆ ವಿಮಾನ ಕಾಣುವ ಮಾತೇ ಇಲ್ಲ, ಸದ್ದು ಮಾತ್ರ ಬರುತ್ತದೆ. ಎಲ್ಲಿಂದ ಬಂತು ಅನ್ನುವಷ್ಟರಲ್ಲಿ ಅದು ನೀಲಗಿರಿಯ ಕಡೆಗೆ ಜಾರಿರುತ್ತದೆ.

ಈ ಬೆಟ್ಟದಿಂದ ಗೆರೆಯ ಮೇಲೆ ಹದಿನೈದು ಕಿಲೋಮೀಟರ್ ದಕ್ಷಿಣಕ್ಕೆ ಹೋದರೆ ಮೋಯಾರ್ ಹೊಳೆಯ ದಡದ ತೆಪ್ಪಕಾಡು, ಮುದುಮಲೆಯ ಹಳೆಯ ಆನೆ ಶಿಬಿರ. ಗೆರೆ ಅದರ ಮೇಲೂ ಹಾಯುತ್ತದೆ. ವಿಮಾನಕ್ಕೆ ಇದು ಎರಡು ನಿಮಿಷದ ದಾರಿ. ನೆಲದಲ್ಲಿ ಹೋಗುವವರು ಬೆಟ್ಟ ಇಳಿದು, ಹಂಗಳಕ್ಕೆ ಬಂದು ಊಟಿ ರಸ್ತೆ ಹಿಡಿದು, ಮೇಲುಕಾಮನಹಳ್ಳಿಯ ಚೆಕ್‌ಪೋಸ್ಟ್ ದಾಟಿ, ಬಂಡೀಪುರ ದಾಟಿ, ಕೆಕ್ಕನಹಳ್ಳದಲ್ಲಿ ತಮಿಳುನಾಡು ಹೊಕ್ಕು ಅಲ್ಲಿಗೆ ಸೇರಬೇಕು. ಒಂದು ಗಂಟೆಯಾದರೂ ಬೇಕು. ಜಿಂಕೆಗಳು ರಸ್ತೆಗೆ ಅಡ್ಡ ಬಂದರೆ ಇನ್ನೂ ಹೆಚ್ಚು, ಆನೆ ಬಂದರಂತೂ ಅದು ದಾರಿ ಬಿಟ್ಟಾಗ.

ತೆಪ್ಪಕಾಡಿನ ಆಚೆ ನೆಲ ಗೋಡೆಯಂತೆ ಎದ್ದು ನಿಲ್ಲುತ್ತದೆ. ಗೆರೆ ಗೂಡಲೂರನ್ನು ಬಲಕ್ಕೆ ಬಿಟ್ಟು ನೀಲಗಿರಿಯ ಪಡುವಣ ಮೇಡನ್ನು ಏರಿ, 2,554 ಮೀಟರ್ ಎತ್ತರದ ಮುಕುರ್ತಿ ಶಿಖರದ ಪಕ್ಕದಲ್ಲಿ ಹಾಯುತ್ತದೆ. ಅಲ್ಲಿ ಶೋಲಾ ಕಾಡು, ನೀಲಗಿರಿ ತಾರ್ ಮೇಯುವ ಹುಲ್ಲುಗಾವಲು. ಮುಂದಕ್ಕೆ ಸೈಲೆಂಟ್ ವ್ಯಾಲಿಯ ಪೂರ್ವದ ಅಂಚು. ಆಮೇಲೆ ಬೆಟ್ಟ ಥಟ್ಟನೆ ಮುಗಿದು ಕೇರಳದ ಬಯಲು, ಭಾರತಪ್ಪುಳ ಹೊಳೆ, ಗದ್ದೆ, ತೆಂಗು. ಮಂಡಕಳ್ಳಿ ಸಮುದ್ರಮಟ್ಟದಿಂದ ಏಳುನೂರು ಮೀಟರಿಗೂ ಮೇಲೆ, ನೆಡುಂಬಾಶ್ಶೇರಿ ಹತ್ತು ಮೀಟರೂ ಇಲ್ಲ. ಒಣ ಹೊಲ, ಎಲೆ ಉದುರಿಸುವ ಕಾಡು, ಕಣಿವೆ, ಹುಲ್ಲುಗಾವಲು, ಎಂದೂ ಎಲೆ ಉದುರಿಸದ ಕಾಡು, ಕೆಸರು ಗದ್ದೆ: ಇಷ್ಟು ಬಗೆಯ ನೆಲ ಇಷ್ಟು ಗಿಡ್ಡ ಗೆರೆಯಲ್ಲಿ ಒಂದರ ಹಿಂದೆ ಒಂದು ಬರುವುದನ್ನು ಇಡೀ ಹಿಂದೂಸ್ತಾನದಲ್ಲಿ ಹುಡುಕಿದರೂ ಕೆಲವೇ ಕಡೆ ಕಂಡೀತು.

ಮಳೆಗಾಲದಲ್ಲಿ ಇದೇ ಹಾರಾಟಕ್ಕೆ ಇನ್ನೊಂದು ಚೆಲುವು. ಗಾಳಿ ಅರಬ್ಬೀ ಸಮುದ್ರದ ಕಡೆಯಿಂದ ಬೀಸುತ್ತದೆ, ವಿಮಾನ ದಕ್ಷಿಣಕ್ಕೆ ಹೋಗಬೇಕು. ಮೂತಿಯನ್ನು ನೇರ ದಕ್ಷಿಣಕ್ಕಿಟ್ಟರೆ ಗಾಳಿ ಪೂರ್ವಕ್ಕೆ ತಳ್ಳಿಬಿಡುತ್ತದೆ. ಅದಕ್ಕೆ ಪೈಲಟ್ಟು ಮೂತಿಯನ್ನು ಗಾಳಿ ಬರುವ ಕಡೆಗೆ, ಪಶ್ಚಿಮಕ್ಕೆ ಕೊಂಚ ತಿರುಗಿಸಿ ಹಿಡಿಯುತ್ತಾರೆ. ನೋಟ ಒಂದು ಕಡೆ, ನಡೆ ಒಂದು ಕಡೆ. ನೆಲದ ಮೇಲೆ ಬಿದ್ದ ವಿಮಾನದ ನೆರಳನ್ನು ನೋಡಿದರೆ ಅದು ಕೊಂಚ ಓರೆಯಾಗಿ ಜಾರುತ್ತಾ ಹೋಗುವುದು ಕಾಣಬಹುದು.

ಇನ್ನು ನೆಲದ ಕಾಲಕ್ಕೆ ಬರೋಣ. ಗುಂಡ್ಲುಪೇಟೆಯಲ್ಲಿ ಹೆದ್ದಾರಿ ಕವಲೊಡೆಯುತ್ತದೆ. ಒಂದು ಮದ್ದೂರು, ಮೂಲೆಹೊಳೆ ಹಾಯ್ದು ಸುಲ್ತಾನ್ ಬತ್ತೇರಿಗೆ, ಅಲ್ಲಿಂದ ಕಲ್ಲಿಕೋಟೆಗೆ. ಇನ್ನೊಂದು ಬಂಡೀಪುರ ಹಾಯ್ದು ಊಟಿಗೆ. ಎರಡೂ ಕಾಡಿನೊಳಗಿನ ದಾರಿಗಳು. 2009ರಲ್ಲಿ ಜಿಲ್ಲಾಡಳಿತ ರಾತ್ರಿ ಒಂಬತ್ತರಿಂದ ಬೆಳಿಗ್ಗೆ ಆರರವರೆಗೆ ಇಲ್ಲಿ ವಾಹನ ಸಂಚಾರ ನಿಲ್ಲಿಸಿತು. ಮರುವರ್ಷ ಹೈಕೋರ್ಟು ಅದನ್ನು ಎತ್ತಿಹಿಡಿಯಿತು. ಆಂಬುಲೆನ್ಸು, ಗೊತ್ತುಮಾಡಿದ ಕೆಲವು ಬಸ್ಸುಗಳ ಹೊರತು ಬೇರೆಯವರಿಗೆ ದಾರಿ ಇಲ್ಲ. ಗುಂಡ್ಲುಪೇಟೆ ಬಸ್ ನಿಲ್ದಾಣದಲ್ಲಿ ಸಂಜೆ ಈ ಮಾತು ಕೇಳಬಹುದು:

"ಊಟಿಗೆ ಎಷ್ಟೊತ್ತಾಯ್ತದಣ್ಣ?"

"ಈಗ್ಲೇ ಒಂಟ್ರೆ ಎರಡೂವರೆ ಗಂಟೆ. ಗೇಟ್ ಹಾಕ್ಬುಟ್ರೆ ನಾಳೆ ಬೆಳಿಗ್ಗೆ."

ದೂರಕ್ಕೂ ಕಾಲಕ್ಕೂ ಇರುವ ನಂಟನ್ನು ಇಷ್ಟು ಚೊಕ್ಕವಾಗಿ ಹೇಳಿದ್ದನ್ನು ನಾನು ಬೇರೆಲ್ಲೂ ಕೇಳಿಲ್ಲ. ಊಟಿ ಇದ್ದಲ್ಲೇ ಇದೆ, ರಸ್ತೆ ಒಂದು ಮಾರೂ ಉದ್ದವಾಗಿಲ್ಲ, ಆದರೂ ಒಂಬತ್ತು ಗಂಟೆ ಬಾರಿಸಿದ ಮೇಲೆ ಊಟಿ ಒಂದು ರಾತ್ರಿಯಷ್ಟು ದೂರ. ಇದನ್ನು ತೊಂದರೆ ಎಂದು ಬಗೆಯುವವರಿದ್ದಾರೆ, ವ್ಯಾಪಾರಸ್ಥರ ಕಷ್ಟ ಸುಳ್ಳೂ ಅಲ್ಲ. ಆದರೆ ನಾನು ಈ ಗೇಟಿನ ಪಕ್ಷ. 1973ರಲ್ಲಿ ಹುಲಿ ಯೋಜನೆ ಶುರುವಾದಾಗ ಮೊದಲ ಒಂಬತ್ತು ಕಾಡುಗಳಲ್ಲಿ ಬಂಡೀಪುರವೂ ಒಂದು. ಆ ಕಾಡಿನ ಜೀವಗಳಿಗೆ ದಿನಕ್ಕೆ ಒಂಬತ್ತು ಗಂಟೆ ರಸ್ತೆಯ ಭಯವಿಲ್ಲದ ಕಾಲ ಸಿಕ್ಕಿದೆ. ಕೆಳಗೆ ಲಾರಿಗಳು ನಿಂತ ಹೊತ್ತಿನಲ್ಲೂ ಮೇಲೆ ವಿಮಾನಗಳು ಕಾಡಿಗೆ ಯಾವ ತಂಟೆಯನ್ನೂ ಮಾಡದೆ ದಾಟಿಹೋಗುತ್ತವೆ. ಈ ಒಂದು ಕಾರಣಕ್ಕೂ ನನಗೆ ಆಕಾಶದ ಗೆರೆಯ ಮೇಲೆ ಮಮತೆ ಹೆಚ್ಚು.

ಗೇಟಿನ ಗಡಿಯಾರವನ್ನು ಎಲ್ಲರಿಗಿಂತ ಚೆನ್ನಾಗಿ ಬಲ್ಲವು ಹೂವಿನ ಗಾಡಿಗಳು. ಓಣಂ ಹತ್ತಿರ ಬಂದರೆ ಗುಂಡ್ಲುಪೇಟೆಯ ಚೆಂಡು ಹೂವಿಗೆ ಕೇರಳದಿಂದ ಬೇಡಿಕೆ. ಅಲ್ಲಿ ಮನೆಯ ಮುಂದೆ ಪೂಕ್ಕಳಂ ಹಾಕಲು ಹೂ ಬೇಕು. ಹೊಲದಲ್ಲಿ ಹೂ ಬಿಡಿಸುವುದನ್ನು ಒಮ್ಮೆ ಹತ್ತಿರ ನಿಂತು ನೋಡಬೇಕು. ಹೆಂಗಸರು ಸಾಲು ಹಿಡಿದು ಬರುತ್ತಾರೆ, ಸೀರೆಯ ಮೇಲೊಂದು ಹಳೆಯ ಅಂಗಿ, ತಲೆಗೆ ಬಟ್ಟೆ. ಎರಡು ಬೆರಳು ಹೂವಿನ ಬುಡಕ್ಕೆ, ಹೆಬ್ಬೆರಳಿನ ಒಂದು ಒತ್ತು, ಹೂ ತೊಟ್ಟು ಬಿಟ್ಟು ಅಂಗೈಗೆ. ಅಂಗೈ ತುಂಬಿದರೆ ಮಡಿಲಿಗೆ, ಮಡಿಲು ತುಂಬಿದರೆ ಚೀಲಕ್ಕೆ. ಬೆರಳುಗಳು ಮಧ್ಯಾಹ್ನದ ಹೊತ್ತಿಗೆ ಕಂದು ಹಸಿರಾಗಿ ಘಾಟು ವಾಸನೆ ಹೊಡೆಯುತ್ತವೆ. ಚೀಲವನ್ನು ಗಟ್ಟಿ ತುಂಬುವಂತಿಲ್ಲ, ಒಳಗೆ ಬಿಸಿಯೇರಿ ಹೂ ಕರಗುತ್ತದೆ. ಗಾಡಿ ಮದ್ದೂರಿನ ಗೇಟನ್ನು ಒಂಬತ್ತರೊಳಗೆ ದಾಟಿದರೆ ನಸುಕಿಗೆ ಕೇರಳದ ಪೇಟೆ, ತಪ್ಪಿದರೆ ಆ ಹೂವಿಗೆ ಒಂದು ರಾತ್ರಿ ವಯಸ್ಸು ಹೆಚ್ಚು. ಇತ್ತ ಸೂರ್ಯಕಾಂತಿ ಅರಳಿದಾಗ ಅದೇ ರಸ್ತೆಯಲ್ಲಿ ಕೇರಳದ ಕುಟುಂಬಗಳು ಹೊಲ ನೋಡಲು ಬರುತ್ತವೆ, ಹೊಲದ ಯಜಮಾನರಿಗೆ ಅಷ್ಟೋ ಇಷ್ಟೋ ಕೊಟ್ಟು ಹೂವಿನ ನಡುವೆ ನಿಂತು ಫೋಟೊ ತೆಗೆಸಿಕೊಳ್ಳುತ್ತವೆ. ಮೈಸೂರು ಕೊಚ್ಚಿಯ ನಡುವಿನ ದೂರ ರಸ್ತೆಯಲ್ಲಿ ಮುನ್ನೂರೈವತ್ತು ಕಿಲೋಮೀಟರಿನ ಸುತ್ತಮುತ್ತ, ಹಿಡಿದ ದಾರಿಯಂತೆ ಹೆಚ್ಚೂ ಆದೀತು. ಗೆರೆಗಿಂತ ಒಂದೂವರೆ ಪಟ್ಟು. ಆ ಹೆಚ್ಚುವರಿ ನೂರಿಪ್ಪತ್ತು ಕಿಲೋಮೀಟರಿನಲ್ಲೇ ಈ ಕೊಡುಕೊಳ್ಳುವ ಬದುಕೆಲ್ಲ ಇದೆ.

ನೇರ ಗೆರೆಯ ಆಸೆ ವಿಮಾನದ ಜೊತೆ ಬಂದದ್ದಲ್ಲ. ಶ್ರೀರಂಗಪಟ್ಟಣ ಬಿದ್ದ ಮೇಲೆ, ಆ ಯುದ್ಧದಲ್ಲಿದ್ದ ವಿಲಿಯಂ ಲ್ಯಾಂಬ್ಟನ್ ಎಂಬ ಅಧಿಕಾರಿ 1800ರಲ್ಲಿ ಬೆಂಗಳೂರಿನ ಬಳಿ ನೂರು ಅಡಿಯ ಉಕ್ಕಿನ ಸರಪಳಿ ಹಿಡಿದು ನೆಲ ಅಳೆಯಲು ನಿಂತ. 1802ರಲ್ಲಿ ಮದರಾಸಿನಲ್ಲಿ ಮತ್ತೊಂದು ಬುನಾದಿ ಗೆರೆ ಅಳೆದು, ಬೆಟ್ಟದಿಂದ ಬೆಟ್ಟಕ್ಕೆ ದೃಷ್ಟಿ ಹಾಯಿಸಿ ತ್ರಿಕೋನಗಳನ್ನು ಹೆಣೆಯುತ್ತಾ ಮೈಸೂರು ಸೀಮೆಯನ್ನು ಹಾಯ್ದು ಮಂಗಳೂರಿನ ಕಡಲು ಮುಟ್ಟಿದ. ಆಗ ತಿಳಿದದ್ದು, ಕಡಲಿನಿಂದ ಕಡಲಿಗೆ ಇರುವ ಅಗಲ ಹಳೆಯ ನಕ್ಷೆಗಳು ಹೇಳಿದ್ದಕ್ಕಿಂತ ಸುಮಾರು 40 ಮೈಲಿ ಕಡಿಮೆ. ಕಾಲುನಡಿಗೆಯ, ಎತ್ತಿನ ಗಾಡಿಯ ದಾರಿಯನ್ನು ಲೆಕ್ಕ ಹಾಕಿದವರಿಗೆ ದೇಶ ಹಿಗ್ಗಿ ಕಂಡಿತ್ತು. ಬೆಟ್ಟದ ನೆತ್ತಿಯಿಂದ ಬೆಟ್ಟದ ನೆತ್ತಿಗೆ ನೋಡಿದವನಿಗೆ ಅದರ ನಿಜವಾದ ಮೈ ಸಿಕ್ಕಿತು. ಇಂದು ಎರಡು ನಿಲ್ದಾಣಗಳ ನಡುವಿನ ದೂರ ಕ್ಷಣದಲ್ಲಿ ಗೊತ್ತಾಗುತ್ತದೆಂದರೆ ಅದರ ಹಿಂದೆ ಆ ಸರಪಳಿ ಹೊತ್ತವರ ಬೆವರಿದೆ.

ಚಾಮರಾಜನಗರದ್ದು ಬೇರೊಂದು ಬಗೆಯ ಗೆರೆಯ ಕಥೆ. ಅರಿಕುಠಾರ ಎಂಬ ಹೆಸರಿದ್ದ ಊರಿಗೆ ಮುಮ್ಮಡಿ ಕೃಷ್ಣರಾಜ ಒಡೆಯರು ತಮ್ಮ ತಂದೆಯ ಹೆಸರಿಟ್ಟರು, ತಂದೆ ಹುಟ್ಟಿದ್ದು ಅಲ್ಲೇ. ಮೈಸೂರಿನಿಂದ ಬರುವ 61 ಕಿಲೋಮೀಟರಿನ ರೈಲು ಹಳಿ ಈ ಊರಿಗೆ ಬಂದು ನಿಲ್ಲುತ್ತದೆ. ಮುಂದೆ ಸತ್ಯಮಂಗಲದ ಮೇಲೆ ಮೆಟ್ಟುಪಾಳ್ಯಕ್ಕೆ ಹಳಿ ಎಳೆಯುವ ಮಾತು ಬಹಳ ಹಳೆಯದು, ಕಾಡಿನ ಕಾರಣಕ್ಕೆ ಅದು ಆಗಲಿಲ್ಲ. ರಸ್ತೆಯಾದರೆ ದಿಂಬಂ ಘಾಟಿಯ 27 ಕೊಕ್ಕೆ ತಿರುವುಗಳನ್ನು ಇಳಿಯುತ್ತದೆ, ಅಲ್ಲೂ ಈಗ ರಾತ್ರಿಗೆ ಕಟ್ಟಳೆಯಿದೆ. ರೈಲು ಹೋಗಲಾರದ, ರಸ್ತೆ ತಿಣುಕಿ ಇಳಿಯುವ ಆ ದಿಕ್ಕಿನಲ್ಲೇ ಎರಡನೆಯ ಗೆರೆಯಿದೆ: ಬೆಂಗಳೂರಿನ ಕೆಂಪೇಗೌಡ ನಿಲ್ದಾಣದಿಂದ ಕೊಚ್ಚಿಗೆ, ಸುಮಾರು 366 ಕಿಲೋಮೀಟರ್.

ಆ ಗೆರೆ ಕನಕಪುರದ ಮೇಲೆ ಬರುತ್ತದೆ. ಮುತ್ತತ್ತಿಯ ಹತ್ತಿರ ಕಾವೇರಿಯನ್ನು ದಾಟುತ್ತದೆ. ಕೊಳ್ಳೇಗಾಲವನ್ನು ಬಲಕ್ಕೆ ಬಿಟ್ಟು, ಬಿಳಿಗಿರಿರಂಗನ ಬೆಟ್ಟದ ಗುಡಿಯಿಂದ ಐದಾರು ಕಿಲೋಮೀಟರ್ ಮೂಡಣಕ್ಕೆ, ಆ ಬೆಟ್ಟಸಾಲಿನ ಮೇಲೇ ಹಾಯುತ್ತದೆ. ಸೋಲಿಗರ ಹಾಡಿಗಳ ಮೇಲೆ, ದೊಡ್ಡಸಂಪಿಗೆಯ ಹಳೆಯ ಮರವಿರುವ ಕಾಡಿನ ಮೇಲೆ. ಮುಂದೆ ಮೆಟ್ಟುಪಾಳ್ಯದ ಬದಿ, ಆಮೇಲೆ ಪಾಲಕ್ಕಾಡು. ಸಹ್ಯಾದ್ರಿ ತನ್ನ ಉದ್ದಕ್ಕೂ ಬಿಟ್ಟುಕೊಟ್ಟ ದೊಡ್ಡ ಕಂಡಿ ಪಾಲಕ್ಕಾಡಿನದು, ರೈಲೂ ರಸ್ತೆಯೂ ಅಲ್ಲೇ ನುಗ್ಗುತ್ತವೆ. ಗೆರೆಯೂ ಅದೇ ಬಾಗಿಲಿನಲ್ಲಿ ಕೇರಳಕ್ಕೆ ಹೋಗುತ್ತದೆ. ಹೀಗೆ ಕೊಚ್ಚಿಯಲ್ಲಿ ಕೂಡುವ ಎರಡು ಗೆರೆಗಳು ಚಾಮರಾಜನಗರ ಜಿಲ್ಲೆಯನ್ನು ಎರಡು ಕಡೆಯಿಂದ ಹಾಯುತ್ತವೆ. ಪಡುವಣದ್ದು ಗೋಪಾಲನ ಬೆಟ್ಟದ ಮೇಲೆ, ಮೂಡಣದ್ದು ರಂಗನ ಬೆಟ್ಟದ ಮೇಲೆ. ನಡುವಿನ ಬಯಲಿನಲ್ಲಿ ತೆರಕಣಾಂಬಿಯ ತರಕಾರಿ ಸಂತೆ ಮತ್ತು ಚಾಮರಾಜನಗರ ಪಟ್ಟಣ.

ಆದರೆ ಈ ಸೀಮೆಯ ಆಕಾಶದಲ್ಲಿ ಅತಿ ದೂರದಿಂದ ಬರುವುದು ವಿಮಾನವಲ್ಲ. ಚಳಿಗಾಲದಲ್ಲಿ ನಂಜನಗೂಡು ತಾಲ್ಲೂಕಿನ ಹದಿನಾರು ಕೆರೆಗೆ ಪಟ್ಟೆತಲೆಯ ಹೆಬ್ಬಾತುಗಳು ಇಳಿಯುತ್ತವೆ. ಮಂಗೋಲಿಯದಲ್ಲಿ ಕೊರಳಿಗೆ ಪಟ್ಟಿ ಹಾಕಿ ಬಿಟ್ಟ ಹಕ್ಕಿಗಳನ್ನು ಇಲ್ಲಿ ಕಂಡವರಿದ್ದಾರೆ. ನಾಲ್ಕು ಸಾವಿರ ಕಿಲೋಮೀಟರಿಗೂ ಮೇಲ್ಪಟ್ಟ ದಾರಿ, ನಡುವೆ ಹಿಮಾಲಯ. ಈ ಹಕ್ಕಿಗಳಿಗೆ ಉಪಕರಣ ಅಳವಡಿಸಿ ನಡೆಸಿದ ಅಧ್ಯಯನದ ಫಲಿತಾಂಶ 2015ರಲ್ಲಿ ಬಂತು. ಅವು ಒಮ್ಮೆ ಎತ್ತರಕ್ಕೆ ಏರಿ ಅಲ್ಲೇ ನೆಟ್ಟಗೆ ಹಾರುವುದಿಲ್ಲ. ಕಣಿವೆ ಬಂದರೆ ಇಳಿಯುತ್ತವೆ, ಬೆಟ್ಟ ಬಂದರೆ ಏರುತ್ತವೆ, ನೆಲದ ಮೈಯನ್ನೇ ಅನುಸರಿಸಿ ಹೋಗುತ್ತವೆ. ಏರಿದ ಎತ್ತರವನ್ನು ಕಳೆದುಕೊಂಡು ಮತ್ತೆ ಏರುವುದೇ ಅವಕ್ಕೆ ಕಡಿಮೆ ಶ್ರಮ, ತೆಳುಗಾಳಿಯಲ್ಲಿ ರೆಕ್ಕೆ ಬಡಿಯುವುದು ಅಷ್ಟು ಕಷ್ಟ. ವಿಮಾನಕ್ಕೆ ತೆಳುಗಾಳಿ ಅನುಕೂಲ, ಹಕ್ಕಿಗೆ ದಟ್ಟ ಗಾಳಿ. ಅಂದರೆ ಗುಂಡ್ಲುಪೇಟೆಯ ಬಸ್ಸಿಗೂ ಹದಿನಾರು ಕೆರೆಯ ಹೆಬ್ಬಾತಿಗೂ ದಾರಿ ಹಿಡಿಯುವ ಕ್ರಮ ಒಂದೇ. ಇದನ್ನು ಓದಿದ ದಿನ ನನಗೆ ಘಾಟಿಯ ತಿರುವುಗಳ ಮೇಲೆ ಗೌರವ ಹೆಚ್ಚಿತು.

ಬೆಂಗಳೂರಿನಿಂದ ಕೊಚ್ಚಿಗೆ ಹೋಗುವ ಕೆಲಸ ಬಿದ್ದರೆ ಬಲಗಡೆ ಕಿಟಕಿಯ ಆಸನ ಕೇಳಿ ಪಡೆಯಿರಿ, ರೆಕ್ಕೆಗಿಂತ ಮುಂದಿನದು. ಮಳೆ ಹಿಂದೆಗೆದ ಮೇಲೆ, ದೀಪಾವಳಿಯ ಆಚೀಚೆ, ಬೆಳಗಿನ ವಿಮಾನವಾದರೆ ಒಳ್ಳೆಯದು, ಸೂರ್ಯ ಎಡಕ್ಕಿರುವುದರಿಂದ ಕಣ್ಣಿಗೆ ಹೊಡೆಯುವುದಿಲ್ಲ. ವಿಮಾನ ಗೆರೆಯ ಹತ್ತಿರ ಹಾರಿದರೆ ಕಾವೇರಿ ದಾಟಿದ ಕೆಲವೇ ನಿಮಿಷಕ್ಕೆ ಬಿಳಿಗಿರಿಯ ಸಾಲು ಕೆಳಗೆ ಬರುತ್ತದೆ. ಅದರಾಚೆಯ ಬಯಲಿನಲ್ಲಿ ಚಾಮರಾಜನಗರ, ಕಲ್ಲಿನ ಕ್ವಾರಿಗಳ ಚೌಕಗಳಿಂದ ಗುರುತು ಹಿಡಿಯಬಹುದು. ಅದಕ್ಕೂ ಆಚೆ ದಿಗಂತದ ಕಡೆಗೆ ಗುಂಡ್ಲುಪೇಟೆ, ಮಂಜಿಲ್ಲದ ದಿನವಾದರೆ ಗೋಪಾಲಸ್ವಾಮಿ ಬೆಟ್ಟದ ಬೆನ್ನು. ಆಮೇಲೆ ನೀಲಗಿರಿ ಇಡಿಯಾಗಿ ಬಲಕ್ಕೇ ಬರುತ್ತದೆ. ಗಗನಸಖಿ ಕಾಫಿ ಬೇಕೇ ಎಂದು ಕೇಳುವುದು ಸಾಮಾನ್ಯವಾಗಿ ಇದೇ ಹೊತ್ತಿಗೆ. ಕಾಫಿಯನ್ನು ಪಾಲಕ್ಕಾಡಿನ ಮೇಲೆ ಕುಡಿದರಾಯಿತು.